ಆಜಾದ್ ಪಾರ್ಕಿನಲ್ಲಿ ಅಮ್ಮ

2011ರ ಆಗಸ್ಟ್ 27, ಶನಿವಾರ. ಚಿಕ್ಕಮಗಳೂರಲ್ಲಿ ಮಖೆ ಮಳೆ ಬಿಟ್ಟು ಬಿಟ್ಟು ಹನಿಯುತ್ತಿತ್ತು. ನಾನೂ ಅಮ್ಮನೂ ಆಲ್ದೂರು ಕಡೆಯಿಂದ ಮೊದಲ ಬಸ್ಸಿಗೇ ಬಂದಿದ್ದೆವು. ಅಪ್ಪ ತೀರಿಕೊಂಡು ಹತ್ತು ತಿಂಗಳಾಗಿತ್ತು. ಒಂದೂವರೆ ಎಕರೆ ಕಾಫಿ ತೋಟ ಇನ್ನೂ ಅವರ ಹೆಸರಲ್ಲೇ ಇತ್ತು, ನಮ್ಮ ಹೆಸರಿಗೆ ಪೌತಿ ಖಾತೆ ಆಗಿರಲಿಲ್ಲ. ಖಾತೆ ಆಗದೆ ಬ್ಯಾಂಕಿನವರು ಸಾಲದ ಮಾತೇ ಎತ್ತಬೇಡಿ ಅಂದಿದ್ದರು.

ಖಾತೆಗಾಗಿ ಕಚೇರಿಗೆ ಅದು ನಮ್ಮ ಏಳನೇ ಓಡಾಟ. ಹೋದಾಗಲೆಲ್ಲ ಒಂದೊಂದು ಕಾರಣ. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ವಂಶವೃಕ್ಷದಲ್ಲಿ ಸಹಿ ಸರಿ ಇಲ್ಲ, ಫೈಲು ಮೇಲೆ ಹೋಗಿದೆ. ಅವತ್ತು ಗುಮಾಸ್ತರು ತಲೆ ಎತ್ತದೇನೇ "ಸ್ವಲ್ಪ ಖರ್ಚಾಗುತ್ತಮ್ಮ, ಯಾರೂ ಹೇಳಿಲ್ವಾ?" ಅಂದರು. 3,000 ಅಂತ ಹೊರಗೆ ನಿಂತಿದ್ದ ಒಬ್ಬ ಹೇಳಿದ. ಅಮ್ಮ ಏನೂ ಮಾತಾಡಲಿಲ್ಲ. ಜವಳಿ ಅಂಗಡಿ ಕವರಿಗೆ ಕಾಗದಗಳನ್ನು ವಾಪಸ್ ಹಾಕಿಕೊಂಡರು. ಅಪ್ಪನ ಮರಣ ಪ್ರಮಾಣಪತ್ರ ಅಷ್ಟು ಸಲ ಮಡಚಿ ಬಿಚ್ಚಿ ಮಡಿಕೆಯಲ್ಲೇ ಹರಿದಿತ್ತು, ಅದಕ್ಕೆ ಅಮ್ಮ ಹಿಂದಿನಿಂದ ಟೇಪು ಅಂಟಿಸಿದ್ದರು.

ಬಸ್ ಸ್ಟ್ಯಾಂಡ್ ಕಡೆ ನಡೆದು ಬರುವಾಗ ಆಜಾದ್ ಪಾರ್ಕಿನಲ್ಲಿ ಜನ ಕಂಡರು. ಭ್ರಷ್ಟಾಚಾರದ ವಿರುದ್ಧ ದೆಹಲಿಯ ರಾಮಲೀಲಾ ಮೈದಾನದಲ್ಲಿ ಕೂತಿದ್ದ ಅಣ್ಣಾ ಹಜಾರೆಯವರ ಉಪವಾಸಕ್ಕೆ ಅವತ್ತು ಹನ್ನೆರಡನೇ ದಿನ, ಇವರು ಅವರ ಬೆಂಬಲಕ್ಕೆ ಸೇರಿದ್ದವರು. ನಮ್ಮ ರಾಜ್ಯದಲ್ಲೂ ಆಗ ಬಿಸಿ ಇತ್ತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿ ಬಂದ ಕೆಲವೇ ದಿನಕ್ಕೆ, ಜುಲೈ 31ರಂದು, ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟಿದ್ದರು. ಹಾಗಾಗಿ ಭ್ರಷ್ಟರನ್ನು ತನಿಖೆ ಮಾಡೋಕೆ ಅಣ್ಣಾ ಕೇಳುತ್ತಿದ್ದ ಕಾನೂನು, ಜನಲೋಕಪಾಲ್ ಅನ್ನೋ ಮಾತು ಟೀ ಅಂಗಡೀಲೂ ಕೇಳುತ್ತಿತ್ತು. ಆದರೂ ನನಗೆ ಅದು ದೂರದ ವಿಷಯ ಅನ್ನಿಸಿತ್ತು. ಕೋಟಿಗಳ ಲೆಕ್ಕ, ನಮಗೇನು ಅಂತ.

ಕಾಲೇಜು ಹುಡುಗರು, ವಕೀಲರು, ಅಂಗಡಿಯವರು, ಕೊಡೆ ಹಿಡಿದ ಹೆಂಗಸರು, ಎಲ್ಲ ಇದ್ದರು. ಮೈಕಿನಲ್ಲಿ ಒಬ್ಬರು ಇವತ್ತು ಸಂಸತ್ತಿನಲ್ಲಿ ಚರ್ಚೆಯಾಗುತ್ತಿರುವ ಮೂರು ಬೇಡಿಕೆಗಳನ್ನು ಹೇಳುತ್ತಿದ್ದರು. ರಾಜ್ಯಗಳಲ್ಲಿ ಲೋಕಾಯುಕ್ತ ಬರಬೇಕು. ಕೆಳಹಂತದ ನೌಕರರೂ ಲೋಕಪಾಲ್ ಅಡಿ ಬರಬೇಕು. ಪ್ರತಿ ಕಚೇರಿಯಲ್ಲೂ ಯಾವ ಕೆಲಸ ಎಷ್ಟು ದಿನಕ್ಕೆ ಆಗುತ್ತೆ ಅಂತ ಬರೆದು ಹಾಕಬೇಕು, ಆಗದಿದ್ದರೆ ಅಧಿಕಾರಿಗೆ ದಂಡ. ಅದನ್ನು ಕೇಳಿ ಅಮ್ಮ ನಿಂತೇ ಬಿಟ್ಟರು. "ಕೊನೇದು ಏನಂದ್ರು? ಇನ್ನೊಂದ್ ಸಲ ಕೇಳು" ಅಂದರು.

ಪಕ್ಕದಲ್ಲಿ ಒಬ್ಬಳು ಹುಡುಗಿ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಘೋಷಣೆ ಬರೆಯುತ್ತಿದ್ದಳು. "ಅಮ್ಮಾ, ನಿಮಗೂ ಒಂದು ಬರ್ಕೊಡ್ಲಾ?" ಅಂದಳು. ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, "ನಮ್ಮ ಖಾತೆ ಯಾವಾಗ ಮಾಡ್ಕೊಡ್ತೀರಿ ಅಂತ ಬರಿ ಮಗಾ" ಅಂದರು. ಹುಡುಗಿ ಒಂದಕ್ಷರ ಬದಲಿಸದೆ ಹಾಗೇ ಬರೆದಳು. ಮಳೆ ಹನಿಗೆ 'ಯಾವಾಗ' ಅನ್ನೋ ಕಡೆ ನೀಲಿ ಬಣ್ಣ ಕದಡಿ ಕೆಳಗೆ ಇಳಿಯಿತು. ಅಮ್ಮ ಅದನ್ನು ಎದೆ ಮಟ್ಟಕ್ಕೆ ಹಿಡಿದು ಮಧ್ಯಾಹ್ನದವರೆಗೂ ನಿಂತಿದ್ದರು. ಊರಲ್ಲಿ ನಾಲ್ಕು ಜನರ ಮುಂದೆ ಮಾತಾಡೋಕೂ ಹಿಂಜರಿಯುವವರು ನಮ್ಮಮ್ಮ. ನನಗೆ ಗಂಟಲು ಕಟ್ಟಿತು.

ಆ ರಟ್ಟು ಓದಿ ಒಬ್ಬರು ನಿವೃತ್ತ ಮೇಷ್ಟ್ರು ಹತ್ತಿರ ಬಂದರು. ಅರ್ಜಿ ಕೊಟ್ಟ ತಾರೀಖು ಕೇಳಿದರು, ಸ್ವೀಕೃತಿ ನೋಡಿದರು. "ದುಡ್ಡು ಕೊಡ್ಬೇಡಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ, ನಮ್ಮ ಫೈಲು ಯಾರ ಮೇಜಿನ ಮೇಲೆ ಎಷ್ಟು ದಿನ ಇತ್ತು ಅಂತ. 30 ದಿನದೊಳಗೆ ಉತ್ತರ ಕೊಡ್ಲೇಬೇಕು" ಅಂದರು. 2005ರಿಂದ ಇದ್ದ ಕಾನೂನು, ನನಗೆ ಗೊತ್ತೇ ಇರಲಿಲ್ಲ. ಅಲ್ಲೇ ಪಾರ್ಕಿನ ಕಟ್ಟೆ ಮೇಲೆ ಕೂತು, ಅವರು ಹೇಳಿದ ಹಾಗೆ ಬರೆದೆ. ಅಮ್ಮ ಕೊಡೆ ಹಿಡಿದಿದ್ದರು.

ಆ ರಾತ್ರಿ ಟಿವಿಯಲ್ಲಿ ಸಂಸತ್ತು ಮೂರಕ್ಕೂ ತಾತ್ವಿಕವಾಗಿ ಒಪ್ಪಿದೆ ಅಂತ ಬಂತು. ಮಾರನೇ ದಿನ ಅಣ್ಣಾ ಉಪವಾಸ ಬಿಟ್ಟರು. ಲೋಕಪಾಲ್ ಮಸೂದೆ ಸಂಸತ್ತಿನಲ್ಲಿ ಪಾಸಾಗಿದ್ದು 2013ರ ಕೊನೆಗೆ, ಮೊದಲ ಲೋಕಪಾಲರು ಬಂದಿದ್ದು 2019ರಲ್ಲಿ. ಅಷ್ಟು ಜನ ಬೀದಿಗೆ ಬಂದು ಕೇಳಿದ್ದಕ್ಕೆ ಇಷ್ಟು ವರ್ಷ ಕಾಯಿಸಿದ್ದು ಅನ್ಯಾಯ ಅಂತಲೇ ನಾನು ಇವತ್ತಿಗೂ ಹೇಳುತ್ತೇನೆ. ನಮ್ಮ ಖಾತೆ ಮಾತ್ರ ಮಾಹಿತಿ ಹಕ್ಕಿನ ಅರ್ಜಿ ಹಾಕಿದ ಇಪ್ಪತ್ತಾರನೇ ದಿನಕ್ಕೆ ಆಯಿತು. ಒಂದು ಪೈಸೆ ಕೊಡಲಿಲ್ಲ.

2012ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದಲ್ಲಿ 'ಸಕಾಲ' ಜಾರಿಗೆ ಬಂತು. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಮುಂದಿನ ವರ್ಷ ಇನ್ನೊಂದು ಅರ್ಜಿ ಕೊಡೋಕೆ ಅಮ್ಮನ ಜೊತೆ ಹೋಗಿದ್ದೆ. ಕೌಂಟರಿನ ಹುಡುಗಿ ನಂಬರು, ತಾರೀಖು ಇದ್ದ ಚೀಟಿ ಕೊಟ್ಟಳು. ಅಮ್ಮ ತಾರೀಖನ್ನು ಗಟ್ಟಿಯಾಗಿ ಓದಿಸಿಕೊಂಡು, ಚೀಟಿಯನ್ನು ಅದೇ ಹಳೇ ಕವರಿಗೆ ಹಾಕಿಕೊಂಡರು. ಆಮೇಲೂ ಕಿಟಕಿ ಬಿಟ್ಟು ಕದಲಲಿಲ್ಲ.

"ಈ ತಾರೀಖು ದಾಟಿದ್ರೆ ಯಾರನ್ನ ಕೇಳ್ಬೇಕು ಮಗಾ?"

ಹುಡುಗಿ ಗೋಡೆ ಮೇಲಿದ್ದ ಬೋರ್ಡ್ ತೋರಿಸಿದಳು. ಅಮ್ಮ ಅದರ ಮುಂದೆ ಹೋಗಿ ನಿಂತು, ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು.