"ಮೀನು ಬಂತಾ?" ಅಂತ ಕೇಳಿದಾಗ

ಏಪ್ರಿಲ್ ಶುರುವಾದರೆ ಸಾಕು, ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ: "ಮೀನು ಬಂತಾ?" ನಾನು ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿ ಫಿಶಿಂಗ್ ಗೈಡ್. ಊರು ಮಲ್ಪೆ ಕಡೆ. ಸಣ್ಣ ಬೋಟು, ನನ್ನ ಲೈಸೆನ್ಸಿಗೆ ಒಂದು ಸಲಕ್ಕೆ ಆರು ಜನರಷ್ಟೇ. ಫೋನ್ ಮಾಡಿದವರು ಕೇಳುತ್ತಿರುವುದು ಸ್ಟ್ರೈಪ್ಡ್ ಬಾಸ್ ಅನ್ನುವ ಮೀನಿನ ಬಗ್ಗೆ. ಇಲ್ಲಿಯವರು ಸ್ಟ್ರೈಪರ್ ಅನ್ನುತ್ತಾರೆ. ಬೆಳ್ಳಿ ಮೈ, ಉದ್ದಕ್ಕೆ ಏಳೆಂಟು ಕಪ್ಪು ಗೆರೆ.

ಈ ಮೀನು ಕಡಲಲ್ಲಿ ಬದುಕಿ, ಮೊಟ್ಟೆ ಇಡಲು ನದಿಗೆ ಹೋಗುತ್ತದೆ. ದೊಡ್ಡ ಪಾಲು ಹುಟ್ಟುವುದು ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ. ಉಳಿದದ್ದು ಹೆಚ್ಚಾಗಿ ಹಡ್ಸನ್, ಡೆಲವೇರ್ ನದಿಗಳಲ್ಲಿ. ನೀರು 15 ಡಿಗ್ರಿ ಸೆಲ್ಸಿಯಸ್ ಆಸುಪಾಸು ಆದಾಗ ಮೊಟ್ಟೆ ಇಟ್ಟು, ಆಮೇಲೆ ದಡ ಹಿಡಿದು ಉತ್ತರಕ್ಕೆ ಹೊರಡುತ್ತದೆ. ನ್ಯೂಜೆರ್ಸಿ, ಲಾಂಗ್ ಐಲ್ಯಾಂಡ್, ಆಮೇಲೆ ನಮ್ಮ ಕಡೆ. ಜೂನ್ ಹೊತ್ತಿಗೆ ಮೇಯ್ನ್ ತನಕ ಹೋಗಿರುತ್ತದೆ. ಮೊಟ್ಟೆ ಇಡುವ ವಯಸ್ಸಾಗದ ಸಣ್ಣವು, ಅಂದರೆ ಸ್ಕೂಲಿಗಳು, ನಮ್ಮಲ್ಲಿಗೆ ಏಪ್ರಿಲ್ ಕೊನೆಗೇ ಬಂದುಬಿಡುತ್ತವೆ. ದೊಡ್ಡವು ಬರುವುದು ಮೇ ಮಧ್ಯದಿಂದ. ಹಾಗಾಗಿ "ಬಂತಾ?" ಅಂದರೆ ನಾನು ಮೊದಲು ತಿರುಗಿ ಕೇಳುವುದು "ಯಾವುದು?" ಅಂತ.

ತಾರೀಖು ಮಾತ್ರ ನಾನು ಹೇಳುವುದಿಲ್ಲ. ಊರಿನಲ್ಲಿ ಅದು ಸುಲಭ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆಗಸ್ಟ್ ಬಂದರೆ ಕಡಲಿಗಿಳಿಯಬಹುದು. ಆದರೆ ಅದೇ ಮಳೆಗಾಲದಲ್ಲಿ ನಾಡದೋಣಿಯವರನ್ನು ನೋಡಿ. ತೂಫಾನ್ ಎದ್ದು ಕಡಲು ಕಲಕಿ, ಮೀನು ದಡದತ್ತ ಬರಲಿ ಅಂತ ಕಾಯುತ್ತಾರೆ. ಅವರಿಗೂ ಕ್ಯಾಲೆಂಡರ್ ಉಪಯೋಗಕ್ಕೆ ಬರುವುದಿಲ್ಲ. ನನ್ನ ಕೆಲಸ ಅವರದಕ್ಕೇ ಹತ್ತಿರ.

ನಾನು ನೋಡುವುದು ನೀರಿನ ಬಿಸಿ. 10 ಡಿಗ್ರಿ ದಾಟಿದರೆ ಆಸೆ ಇಟ್ಟುಕೊಳ್ಳಬಹುದು. ಕೇಪ್‌ನ ದಕ್ಷಿಣ ಬದಿಯ ಕಡಲ ಭಾಗ ನ್ಯಾಂಟಕೆಟ್ ಸೌಂಡ್, ಅಲ್ಲಿ ಆಳ ಕಡಿಮೆ, ಬೇಗ ಬಿಸಿಯಾಗುತ್ತದೆ. ಉತ್ತರದ ಕೇಪ್ ಕಾಡ್ ಕೊಲ್ಲಿ ಹಿಂದೆ ಬೀಳುತ್ತದೆ. ಅದರಲ್ಲೂ ಒಳಗಿನ ಉಪ್ಪುನೀರ ಕೊಳಗಳ ಕಪ್ಪು ಕೆಸರು ಬಿಸಿಲಿಗೆ ಚೆನ್ನಾಗಿ ಕಾಯುತ್ತದೆ. ಮಧ್ಯಾಹ್ನದ ಮೇಲೆ ಕಡಲಿನ ಇಳಿತ ಇದ್ದರೆ ಆ ಬೆಚ್ಚಗಿನ ನೀರು ಅಳಿವೆ ಬಾಯಿಗೆ ಬರುತ್ತದೆ, ಮೊದಲ ಸ್ಕೂಲಿಗಳು ಅಲ್ಲೇ ಸಿಗುತ್ತವೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗುವ ಹುಮ್ಮಸ್ಸಿನವರನ್ನು ಕಂಡರೆ ನನಗೆ ನಗು. ಸುಮ್ನೆ ಮಲಗಿ, ಊಟ ಮಾಡಿಕೊಂಡು ಬನ್ನಿ.

ಇನ್ನೊಂದು ಗುರುತು ಹೆರಿಂಗ್. ಇವೂ ಕಡಲಿಂದ ಸಿಹಿನೀರಿಗೆ ಹತ್ತುವ ಮೀನುಗಳೇ. ಬ್ರೂಸ್ಟರ್‌ನ ಸ್ಟೋನಿ ಬ್ರೂಕ್ ತೊರೆಯಲ್ಲಿ ನಿಂತರೆ ಬರಿಗಣ್ಣಿಗೆ ಕಾಣುತ್ತವೆ, ಸ್ವಯಂಸೇವಕರು ಅವನ್ನು ಎಣಿಸುತ್ತಾರೆ. 2006ರಿಂದ ಈ ರಾಜ್ಯದಲ್ಲಿ ಅವನ್ನು ಹಿಡಿಯುವುದು ನಿಷಿದ್ಧ. ಹೆರಿಂಗ್ ಜಾಸ್ತಿಯಾದರೆ ಅವನ್ನು ತಿನ್ನಲು ಹಿಂದೆಯೇ ದೊಡ್ಡ ಸ್ಟ್ರೈಪರ್ ಬರುವ ಹೊತ್ತಾಯಿತು ಅಂತ ಲೆಕ್ಕ.

ಈ ದಿನಗಳಲ್ಲಿ ಫೋಟೋಗಳ ಕಾಟ ಬೇರೆ. ಯಾರೋ ಒಂದು ಸ್ಟ್ರೈಪರ್ ಎತ್ತಿ ಹಿಡಿದು "ವಲಸೆ ಶುರು" ಅಂತ ಹಾಕುತ್ತಾರೆ. ಗಿರಾಕಿ ಅದನ್ನೇ ನನಗೆ ಕಳಿಸಿ "ನೀವ್ಯಾಕೆ ಇಲ್ಲ ಅಂತೀರಿ?" ಅನ್ನುತ್ತಾರೆ. ಕೆಲವು ಸ್ಟ್ರೈಪರ್‌ಗಳು ದಕ್ಷಿಣಕ್ಕೆ ಹೋಗದೆ ಇಲ್ಲೇ ನದಿ, ಕೊಳಗಳಲ್ಲಿ ಚಳಿಗಾಲ ಕಳೆಯುತ್ತವೆ. ಫೋಟೋದಲ್ಲಿರುವುದು ಅದೇ ಇರಬಹುದು. ನಾನು ಮೀನಿನ ಹೊಟ್ಟೆಯ ಹಿಂಭಾಗ ನೋಡುತ್ತೇನೆ. ಕಡಲಿಂದ ಈಗಷ್ಟೇ ಬಂದದ್ದಾದರೆ ಅಲ್ಲಿ ಕಂದು ಬಣ್ಣದ ಕಡಲ ಹೇನು ಅಂಟಿಕೊಂಡಿರುತ್ತವೆ. ಸಿಹಿನೀರಿಗೆ ಬಂದರೆ ಕೆಲವು ದಿನದಲ್ಲಿ ಉದುರುತ್ತವೆ. ಪಕ್ಕಾ ಸಾಕ್ಷಿ ಅಂತಲ್ಲ, ಆದರೂ ನನಗೆ ಆ ಫೋಟೋಗಿಂತ ಹೇನಿನ ಮೇಲೆ ನಂಬಿಕೆ ಜಾಸ್ತಿ!

ಕಷ್ಟ ಇರುವುದು ಏಪ್ರಿಲ್‌ನ ಶಾಲಾ ರಜೆ ವಾರದಲ್ಲಿ. ಬಾಸ್ಟನ್ ಕಡೆಯ ಕುಟುಂಬಗಳಿಗೆ ಬಿಡುವು ಅದೇ ಹೊತ್ತು. ಅದರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಇಡೀ ಚಳಿಗಾಲ ದುಡಿಮೆ ಇಲ್ಲದೆ ಕೂತವನಿಗೆ "ಬನ್ನಿ, ಸಿಗುತ್ತೆ" ಅನ್ನಲು ನಾಲಿಗೆ ತುರಿಸುತ್ತದೆ. ಹಾಗೆ ಹೇಳಿ ಮುಂಗಡ ತಗೊಳ್ಳುವವರೂ ಇದ್ದಾರೆ. ನಾನು ಹೇಳುವುದು ಇಷ್ಟು: "ಈಗ ನೀರು ಏಳು ಡಿಗ್ರಿ. ಮಕ್ಕಳು ನಡುಗುತ್ತಾರೆ, ಮೀನು ಸಿಗುವ ಸಾಧ್ಯತೆ ಕಡಿಮೆ. ಮೇ ಕೊನೆಯ ಶನಿವಾರ ಖಾಲಿ ಇದೆ." ಅರ್ಧ ಜನ ಬೇಜಾರಾಗಿ ಫೋನ್ ಇಡುತ್ತಾರೆ. ಉಳಿದವರು ಮೇ ತಿಂಗಳಲ್ಲಿ ಬರುತ್ತಾರೆ, ಮರುವರ್ಷವೂ ಬರುತ್ತಾರೆ. ನನ್ನ ಹೊಟ್ಟೆ ತುಂಬುತ್ತಿರುವುದು ಈ ಎರಡನೆಯವರಿಂದ.

ಮನೆಗೆ ಎಷ್ಟು ಮೀನು ಅನ್ನುವುದನ್ನೂ ಫೋನಿನಲ್ಲೇ ಹೇಳಿಬಿಡಬೇಕು, ದೋಣಿ ಹತ್ತಿದ ಮೇಲೆ ಅಲ್ಲ. ಒಬ್ಬರಿಗೆ ದಿನಕ್ಕೆ ಒಂದೇ ಮೀನು, ಅದೂ 28ರಿಂದ 31 ಇಂಚಿನೊಳಗೆ ಇರಬೇಕು. 31 ಇಂಚಿನ ಮಿತಿ ಬಂದದ್ದು 2023ರಲ್ಲಿ. "ದೊಡ್ಡದು ಸಿಕ್ಕರೂ ಬಿಡಬೇಕಾ? ಹಾಗಾದರೆ ದುಡ್ಡು ಯಾಕೆ?" ಅಂತ ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ದೊಡ್ಡ ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮೇರಿಲ್ಯಾಂಡ್‌ನವರು 1954ರಿಂದ ಪ್ರತಿ ವರ್ಷ ಚೆಸಪೀಕ್‌ನಲ್ಲಿ ಮರಿಗಳ ಲೆಕ್ಕ ಹಾಕುತ್ತಾರೆ, 2019ರಿಂದ ಈಚೆಗೆ ಲೆಕ್ಕ ತೀರಾ ಕೆಳಗಿದೆ. 1980ರ ದಶಕದಲ್ಲಿ ಹೀಗೇ ಬರಿದಾಗಿ, ಅಲ್ಲಿ 1985ರಿಂದ ಐದು ವರ್ಷ ಹಿಡಿಯುವುದನ್ನೇ ನಿಲ್ಲಿಸಿದ್ದರು. ಬಿಟ್ಟ ಮೀನುಗಳಲ್ಲೂ ನೂರಕ್ಕೆ ಒಂಬತ್ತು ಸಾಯುತ್ತವೆ ಅಂತ ಅಧಿಕಾರಿಗಳ ಅಂದಾಜು. ಅದಕ್ಕೇ ನಾನು ಆಮಿಷಕ್ಕೆ ಬಳಸುವ ಕೃತಕ ಮೀನುಗಳ ಮೂರು ಕೊಕ್ಕೆಯ ಗಾಳ ಕಿತ್ತು ಒಂಟಿ ಕೊಕ್ಕೆಯ ಗಾಳ ಹಾಕುತ್ತೇನೆ, ಅದರ ತುದಿಯ ಹಿಮ್ಮುಳ್ಳನ್ನೂ ಒತ್ತಿ ಚಪ್ಪಟೆ ಮಾಡುತ್ತೇನೆ. ಏಪ್ರಿಲ್‌ನ ಖಾಲಿ ದಿನಗಳು ಹೋಗುವುದು ಹೆಚ್ಚಾಗಿ ಇದರಲ್ಲೇ.

ಈ ಸಲ ಮಕ್ಕಳಿರುವ ಮನೆಯವರಿಗೆ ಮೇ ಮೊದಲ ವಾರಗಳಲ್ಲಿ ಬೊಂಡಾಸ್, ಅಂದರೆ ಸ್ಕ್ವಿಡ್, ಹಿಡಿಯುವ ಟ್ರಿಪ್ ಇಡುತ್ತಿದ್ದೇನೆ. ನ್ಯಾಂಟಕೆಟ್ ಸೌಂಡ್‌ಗೆ ಬೊಂಡಾಸ್ ಬರುವ ಹೊತ್ತು ಅದು. ಹಿಡಿಯುವುದು ಸುಲಭ, ಮನೆಗೂ ಒಯ್ಯಬಹುದು. ಮಸಿ ಕಾರುತ್ತದೆ, ಹಳೆ ಬಟ್ಟೆ ಹಾಕಿಕೊಂಡು ಬನ್ನಿ.