ಜಾಗ್ವಾರ್ ಇ-ಟೈಪ್: ಮೊದಲು ತಗಡು ನೋಡಿ, ಆಮೇಲೆ ಇಂಜಿನ್

1961ರ ಮಾರ್ಚ್ 15ರಂದು ಜಿನೀವಾದಲ್ಲಿ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಜಾಗ್ವಾರ್ ಇ-ಟೈಪ್ ಹೊರಬಿತ್ತು. ಓಡಿಸಿ ನೋಡಲು ಬಂದವರು ಎಷ್ಟು ಜನ ಎಂದರೆ ಅಲ್ಲಿದ್ದ ಗಟ್ಟಿ ಛಾವಣಿಯ ಕೂಪೆ ಒಂದೇ ಸಾಲಲಿಲ್ಲ. ಕಂಪನಿಯ ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ಕವೆಂಟ್ರಿಯಿಂದ ರಾತ್ರೋರಾತ್ರಿ ಗಟ್ಟಿ ಛಾವಣಿ ಇಲ್ಲದ ಒಂದು ರೋಡ್‌ಸ್ಟರನ್ನು ಓಡಿಸಿಕೊಂಡು ಬರಬೇಕಾಯಿತು. ಬೆಲೆ ಎರಡು ಸಾವಿರ ಪೌಂಡಿಗಿಂತ ಸ್ವಲ್ಪ ಹೆಚ್ಚು, ಅಂದರೆ ಆಗಿನ ಆಸ್ಟನ್ ಮಾರ್ಟಿನ್ ಡಿಬಿ4ರ ಅರ್ಧದಷ್ಟು. ವೇಗ ಗಂಟೆಗೆ 150 ಮೈಲಿ ಎಂದು ಕಂಪನಿ ಹೇಳಿಕೊಂಡಿತು.

ಆಕಾರ ರೂಪಿಸಿದ ಮಾಲ್ಕಮ್ ಸೇಯರ್ ವಿಮಾನ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಕಟ್ಟುವ ವಿಧಾನವನ್ನು ಅವರು ತಂದದ್ದು 1955, 56, 57ರಲ್ಲಿ ಲ ಮಾನ್ಸ್ ಗೆದ್ದ ಡಿ-ಟೈಪ್ ರೇಸ್ ಕಾರಿನಿಂದ. ಹಿಂಭಾಗ ಬೆಸುಗೆ ಹಾಕಿದ ಉಕ್ಕಿನ ಮಾನೊಕಾಕ್, ಅಂದರೆ ತಗಡೇ ಭಾರ ಹೊರುವ ಪೆಟ್ಟಿಗೆ. ಅದರ ಮುಂದಿನ ಗೋಡೆಗೆ ಬೋಲ್ಟ್ ಮಾಡಿದ ಚೌಕ ಕೊಳವೆಗಳ ಫ್ರೇಮ್, ಆ ಫ್ರೇಮ್ ಮೇಲೆ ಇಂಜಿನ್ ಮತ್ತು ಮುಂದಿನ ಸಸ್ಪೆನ್ಷನ್. ಕಾರಿನ ಚೆಲುವಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ಆದರೆ ಹಳೆಯ ಇ-ಟೈಪ್ ಕೊಳ್ಳುವವರನ್ನು ಮುಳುಗಿಸುವುದು ಈ ಕಟ್ಟಡವೇ.

ಫ್ರೇಮಿನ ಕೊಳವೆಗಳು ರೆನಾಲ್ಡ್ಸ್ 541 ಉಕ್ಕಿನವು, ತೆಳು, ಒಳಗೆ ಟೊಳ್ಳು. ನೀರು ಒಳಗೆ ಸೇರಿದರೆ ತುಕ್ಕು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಕೊಳವೆಗಳು ಕೂಡುವ ಕಡೆ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಬ್ಯಾಟರಿಯ ಹತ್ತಿರ ಇನ್ನಷ್ಟು ಎಚ್ಚರ ಬೇಕು, ಆಸಿಡ್ ಚೆಲ್ಲಿ ಹಾಳಾಗುವ ಜಾಗ ಅದು. ಮೇಲೆ ತೇಪೆ ವೆಲ್ಡಿಂಗ್ ಕಂಡರೆ ಆ ಫ್ರೇಮ್ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೂಡುಗಳು ಹಿತ್ತಾಳೆ ಬೆಸುಗೆಯವು, ವೆಲ್ಡಿಂಗ್ ಶಾಖಕ್ಕೆ ಅವು ಸಡಿಲವಾಗುತ್ತವೆ.

ಇಲ್ಲೇ ಒಂದು ಪೇಚಿದೆ. ಚಾಸಿ ನಂಬರನ್ನು ಕಾರ್ಖಾನೆಯವರು ಒತ್ತಿರುವುದು ಇದೇ ಮುಂದಿನ ಫ್ರೇಮಿನ ಮೇಲೆ, ಬಲಗಡೆ, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕೂರುವ ಜಾಗದ ಮೇಲ್ಭಾಗದಲ್ಲಿ. ಫ್ರೇಮ್ ಬದಲಾದರೆ ನಂಬರನ್ನು ಹೊಸದಾಗಿ ಒತ್ತಬೇಕಾಗುತ್ತದೆ. ಹಾಗಾಗಿ ಅಂಕಿಗಳ ಆಕಾರ, ಆಳ, ಸಾಲು ಸರಿಯಿದೆಯೇ ನೋಡಿ, ಹೊಸದಾಗಿ ಒತ್ತಿದ್ದರೆ ಹಳೆಯ ಫ್ರೇಮಿನ ಫೋಟೊ, ಬಿಲ್ಲು ಕೇಳಿ. ಇಂಜಿನ್ ನಂಬರ್ ಬ್ಲಾಕ್ ಮೇಲೆ ಆಯಿಲ್ ಫಿಲ್ಟರ್ ಮೇಲ್ಗಡೆ ಇರುತ್ತದೆ, ಸಿಲಿಂಡರ್ ಹೆಡ್ಡಿನ ಮುಂಭಾಗದಲ್ಲೂ ಇರುತ್ತದೆ. ಕೊನೆಯ -8 ಅಥವಾ -9 ಕಂಪ್ರೆಷನ್ ಅನುಪಾತ ಹೇಳುತ್ತದೆ. ಬಾಡಿ, ಗೇರ್‌ಬಾಕ್ಸ್ ನಂಬರುಗಳನ್ನೂ ಸೇರಿಸಿ ನಾಲ್ಕನ್ನೂ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಪ್ರಮಾಣಪತ್ರದ ಜೊತೆ ಹೋಲಿಸಿ. ಮೂಲ ಬಣ್ಣ, ಸೀಟಿನ ಚರ್ಮದ ಬಣ್ಣ ಕೂಡ ಅದರಲ್ಲೇ ಸಿಗುತ್ತದೆ.

ಮೊದಲು ಬಂದ 3.8 ಲೀಟರ್ ಇಂಜಿನ್ನಿನ ಕಾರುಗಳಲ್ಲಿ ಚಾಸಿ ನಂಬರೇ ಅರ್ಧ ಕಥೆ ಹೇಳುತ್ತದೆ. 850001ರಿಂದ ಬಲ ಸ್ಟಿಯರಿಂಗಿನ ರೋಡ್‌ಸ್ಟರ್, 860001ರಿಂದ ಬಲ ಸ್ಟಿಯರಿಂಗಿನ ಕೂಪೆ. 875001 ಮತ್ತು 885001ರಿಂದ ಶುರುವಾಗುವವು ಕ್ರಮವಾಗಿ ಎಡ ಸ್ಟಿಯರಿಂಗಿನ ರೋಡ್‌ಸ್ಟರ್, ಕೂಪೆ. ಹೆಚ್ಚಿನ ಕಾರುಗಳು ಅಮೆರಿಕಕ್ಕೆ ಹೋಗಿದ್ದರಿಂದ ಆಮೇಲೆ ಸ್ಟಿಯರಿಂಗ್ ಬದಲಿಸಿದವು ಬೇಕಾದಷ್ಟಿವೆ. 885ರಿಂದ ಶುರುವಾಗುವ ನಂಬರಿನ ಕಾರಿಗೆ ಮೇಲ್ಛಾವಣಿಯೇ ಇಲ್ಲದಿದ್ದರೆ ಯಾರೋ ಕೂಪೆಯ ತಲೆ ಕತ್ತರಿಸಿದ್ದಾರೆ ಎಂದೇ ಅರ್ಥ.

ಬಾಗಿಲ ಕೆಳಗಿನ ಸಿಲ್‌ಗಳು ಬರೀ ಅಲಂಕಾರಕ್ಕಲ್ಲ, ಬಾಡಿಯ ಭಾರ ಹೊರುವುದೇ ಅವು. ಬಾಗಿಲ ಜಾಗಕ್ಕೆ ಅಡ್ಡಗಂಬಿ ಕೊಡದೆ ಸಿಲ್ ಕತ್ತರಿಸಿದರೆ ರೋಡ್‌ಸ್ಟರಿನ ನಡು ಕುಸಿಯುತ್ತದೆ. ಬಾಗಿಲು ಮುಚ್ಚಿ ಅಂಚಿನ ಸಂದು ನೋಡಿ: ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಬಾಡಿ ಬಾಗಿದೆ. ಅದನ್ನು ಸರಿಮಾಡುವುದಕ್ಕಿಂತ ಇಂಜಿನ್ ರಿಪೇರಿ ಅಗ್ಗ.

ಹಿಂದಿನ ಡಿಸ್ಕ್ ಬ್ರೇಕುಗಳು ಚಕ್ರದ ಪಕ್ಕ ಇಲ್ಲ, ಎರಡು ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿಗೆ ಅಂಟಿಕೊಂಡಿವೆ. ಡಿಸ್ಕಿನ ಶಾಖಕ್ಕೆ ಡಿಫರೆನ್ಷಿಯಲ್ಲಿನ ಆಯಿಲ್ ಸೀಲ್ ಬೆಂದು ಗಟ್ಟಿಯಾಗುತ್ತದೆ, ಎಣ್ಣೆ ಜಿನುಗಿ ಪ್ಯಾಡ್ ಮೇಲೆ ಬೀಳುತ್ತದೆ. ಸರಿಯಾಗಿ ಕೆಲಸ ಮಾಡಬೇಕೆಂದರೆ ಎಕ್ಸಾಸ್ಟ್, ಪ್ರೊಪೆಲರ್ ಶಾಫ್ಟ್, ರೇಡಿಯಸ್ ಆರ್ಮ್, ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಬಿಚ್ಚಿ ಇಡೀ ಹಿಂದಿನ ಸಬ್‌ಫ್ರೇಮನ್ನು ಕೆಳಗಿಳಿಸಬೇಕು. ಇಳಿಸಿದ ಮೇಲೆ ಸೀಲ್, ಪ್ಯಾಡ್, ರಬ್ಬರ್ ಮೌಂಟ್ ಎಲ್ಲವನ್ನೂ ಒಟ್ಟಿಗೇ ಬದಲಿಸಿಬಿಡಿ.

ಎಕ್ಸ್‌ಕೆ ಎಂಬ ಈ ಕಾರಿನ ಇಂಜಿನ್ ಗಟ್ಟಿಪಿಂಡ. ಬಿಸಿಯಾದ ಮೇಲೆ 3000 ಆರ್‌ಪಿಎಮ್‌ನಲ್ಲಿ ಆಯಿಲ್ ಪ್ರೆಷರ್ 40 ಪಿಎಸ್‌ಐ ಆಸುಪಾಸು ಇರಬೇಕು. ಕಡಿಮೆ ತೋರಿಸಿದರೆ ಹೆದರುವ ಮುಂಚೆ ಬೇರೆ ಮೆಕ್ಯಾನಿಕಲ್ ಗೇಜ್ ಹಾಕಿ ಅಳೆಯಿರಿ, ಪ್ರೆಷರನ್ನು ಗೇಜಿಗೆ ತಿಳಿಸುವ ಮೂಲ ಸೆಂಡರ್ ಸುಳ್ಳು ಹೇಳುವುದು ಜಾಸ್ತಿ. ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ. ಬರೀ ನೀರು ಹಾಕಿ ಓಡಿಸಿದ ಕಾರಿನಲ್ಲಿ ಹೆಡ್ಡಿನ ನೀರಿನ ದಾರಿಗಳು ಸವೆದಿರುತ್ತವೆ, ಬ್ಲಾಕಿನ ತಳದಲ್ಲಿ ಕೆಸರು ಕೂತಿರುತ್ತದೆ.

ಸಂಗ್ರಾಹಕರು ಹೆಚ್ಚು ಹಣ ಕೊಡುವುದು ಬಾನೆಟ್ ಬೀಗ ಹೊರಗಡೆ ಇರುವ ಮೊದಲ ಕೆಲವು ನೂರು ಕಾರುಗಳಿಗೆ. ಆಮೇಲೆ 1962ರವರೆಗಿನ ಕಾಲಿಡುವ ನೆಲ ಚಪ್ಪಟೆಯಾಗಿರುವವಕ್ಕೆ. ನಿಜಕ್ಕೂ ಓಡಿಸುವ ಆಸೆ ಇದ್ದರೆ 1964ರ ಕೊನೆಯಲ್ಲಿ ಬಂದ 4.2 ಲೀಟರ್ ಸೀರೀಸ್ 1 ನೋಡಿ. 3.8ರ ಮಾಸ್ ಗೇರ್‌ಬಾಕ್ಸಿನಲ್ಲಿ ಮೊದಲ ಗೇರಿಗೆ ಸಿಂಕ್ರೊ (ಗೇರ್ ಸಲೀಸಾಗಿ ಬೀಳಲು ನೆರವಾಗುವ ಭಾಗ) ಇಲ್ಲ, ಇದರಲ್ಲಿ ನಾಲ್ಕಕ್ಕೂ ಇದೆ. ಸೀಟು, ಬ್ರೇಕ್ ಕೂಡ ಮೇಲು. ಅದರಲ್ಲೂ ಕೂಪೆ ತಗೊಳ್ಳಿ: ರೋಡ್‌ಸ್ಟರಿಗಿಂತ ಅಗ್ಗ, ಛಾವಣಿ ಇರುವುದರಿಂದ ಬಾಡಿ ಬಿಗಿ, ಹಿಂದೆ ಪಕ್ಕಕ್ಕೆ ತೆರೆಯುವ ಬಾಗಿಲಿನಿಂದ ಸೂಟ್‌ಕೇಸ್ ಸಲೀಸಾಗಿ ಒಳಗೆ ಹೋಗುತ್ತದೆ.