ಅಷ್ಟು ದೂರ ಹೋಗಿ ಎವರೆಸ್ಟ್ ಯಾಕೆ ಹತ್ತಲಿಲ್ಲ?

ನಾನು ಗಂಗಾವತಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. 2018ರ ದಸರಾ ರಜೆಯಲ್ಲಿ ನೇಪಾಳಕ್ಕೆ ಹೋಗಿ ಎವರೆಸ್ಟ್ ಬೇಸ್ ಕ್ಯಾಂಪ್ ನೋಡಿಕೊಂಡು ಬಂದೆ. ಅವತ್ತಿನಿಂದ ಇವತ್ತಿನವರೆಗೆ ಸಂತೆಯಲ್ಲಿ, ಮದುವೆ ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಎಲ್ಲಿ ಹೋದರೂ ಒಂದೇ ಪ್ರಶ್ನೆ. ಮೊದಲು ಕೇಳಿದ್ದು ನಮ್ಮವ್ವ. ಬ್ಯಾಗು ಇಳಿಸುವ ಮೊದಲೇ ಕೇಳಿದಳು: "ಅಷ್ಟು ದೂರ ಹೋಗಿದ್ದಿ, ಇನ್ನೊಂದೀಟು ಏರಿ ಬರಬಾರದಿತ್ತೇನವ್ವಾ?"

ಅವ್ವ ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಗುಡ್ಡದ ಬುಡಕ್ಕೆ ಹೋದವರು ತುದಿ ಮುಟ್ಟದೆ ಬರುವುದಿಲ್ಲ. ಕೊಪ್ಪಳದ ಕೋಟೆಯಾಗಲಿ, ಬಳ್ಳಾರಿ ಗುಡ್ಡವಾಗಲಿ, ಬೆಳಿಗ್ಗೆ ಏರಿದರೆ ಊಟದ ಹೊತ್ತಿಗೆ ಮನೆಯಲ್ಲಿ ಇರುತ್ತೀವಿ. ಬೇಸ್ ಕ್ಯಾಂಪ್ ಅಂದರೆ ಅಂಜನಾದ್ರಿಯ ಮೊದಲ ಮೆಟ್ಟಿಲು ಇದ್ದ ಹಾಗೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹೋಗುವ ಮುಂಚೆ ನಾನೂ ಸ್ವಲ್ಪ ಹಾಗೇ ಅಂದುಕೊಂಡಿದ್ದೆ.

ಮೊದಲು ಎತ್ತರದ ಲೆಕ್ಕ ನೋಡೋಣ. ಗಂಗಾವತಿ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಬೇಸ್ ಕ್ಯಾಂಪ್ 5,364 ಮೀಟರ್. ಎವರೆಸ್ಟ್ ತುದಿ 8,848.86 ಮೀಟರ್. ಇದು ನೇಪಾಳ ಮತ್ತು ಚೀನಾ ಸೇರಿ 2020ರ ಡಿಸೆಂಬರ್‌ನಲ್ಲಿ ಹೇಳಿದ ಅಳತೆ. ಅಂದರೆ "ಇನ್ನೊಂದೀಟು" ಅನ್ನುವುದು ಸುಮಾರು 3,500 ಮೀಟರ್ ಆಯಿತು. ಬೇಸ್ ಕ್ಯಾಂಪಿನ ಮೇಲೆ ನಮ್ಮ ಮುಳ್ಳಯ್ಯನಗಿರಿಯನ್ನು ಇಡೀ ಎತ್ತಿ ಇಟ್ಟರೂ ಇನ್ನೂ 1,500 ಮೀಟರ್ ಉಳಿಯುತ್ತದೆ.

ಆದರೆ ನಿಜವಾದ ಕಷ್ಟ ಎತ್ತರದ್ದಲ್ಲ, ಗಾಳಿಯದು. ಮೇಲೆ ಆಕ್ಸಿಜನ್ ಇರುವುದೇ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನೂರು ಪಾಲು ಗಾಳಿಯಲ್ಲಿ 21 ಪಾಲು ಆಕ್ಸಿಜನ್ ಇಲ್ಲೂ ಇದೆ, ಎವರೆಸ್ಟ್ ತುದಿಯಲ್ಲೂ ಇದೆ. ಅಲ್ಲಿ ಕಡಿಮೆಯಾಗುವುದು ಗಾಳಿಯ ಒತ್ತಡ. ತುದಿಯಲ್ಲಿ ಒತ್ತಡ ಸಮುದ್ರದ ದಂಡೆಯಲ್ಲಿ ಇರುವುದರ ಮೂರನೇ ಒಂದು ಭಾಗ ಮಾತ್ರ. ಇಲ್ಲಿ ಒಂದು ಉಸಿರಿಗೆ ಸಿಗುವಷ್ಟು ಅಲ್ಲಿ ಮೂರು ಉಸಿರಿಗೆ ಸಿಗುತ್ತದೆ.

ಇದು ಪುಸ್ತಕದಲ್ಲಿ ಓದಿದಾಗ ತಿಳಿದಿರಲಿಲ್ಲ. ಡಿಂಗ್‌ಬೋಚೆ ಅನ್ನುವ ಊರಿನಲ್ಲಿ ತಿಳಿಯಿತು. ಅದು 4,410 ಮೀಟರ್. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತ ಹಾಗಾಗಿ ದಡಕ್ಕನೆ ಎದ್ದು ಕೂತೆ. ನಾಲ್ಕು ಸಲ ಜೋರಾಗಿ ಉಸಿರು ಎಳೆದುಕೊಂಡೆ, ಮಲಗಿದೆ, ಮತ್ತೆ ಅದೇ. ಬೆಳಗಿನ ತನಕ ಹೀಗೇ ನಡೆಯಿತು. ತಲೆ ಬಡಿಯುತ್ತಿತ್ತು. ಬೆಳಿಗ್ಗೆ ನಮ್ಮ ಜೊತೆಗಿದ್ದ ಶೆರ್ಪಾ ಅಣ್ಣ ನನ್ನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿದರು. ರಕ್ತದಲ್ಲಿ ಆಕ್ಸಿಜನ್ ನೂರಕ್ಕೆ 79 ತೋರಿಸಿತು. "ಇವತ್ತು ಮುಂದೆ ಹೋಗುವುದು ಬೇಡ, ಇಲ್ಲೇ ಇರೋಣ" ಅಂದರು. ಒಂದು ದಿನ ಜಾಸ್ತಿ ಅಲ್ಲೇ ಉಳಿದೆವು. ಮೈ ಸುಧಾರಿಸಿತು.

ಕೊರೊನಾ ಬಂದ ಮೇಲೆ ಆ 79ರ ಅರ್ಥ ನಮ್ಮ ಊರಿನ ಎಲ್ಲರಿಗೂ ಆಯಿತು. 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಓಡುತ್ತಿದ್ದೆವು ಅಲ್ವಾ? 2007ರಲ್ಲಿ ಕೆಲವು ವೈದ್ಯರು ಎವರೆಸ್ಟ್ ಹತ್ತಿ ಇಳಿಯುವಾಗ 8,400 ಮೀಟರ್‌ನಲ್ಲಿ ಡೇರೆ ಹಾಕಿಕೊಂಡು ತಮ್ಮ ರಕ್ತವನ್ನೇ ತೆಗೆದು ನೋಡಿದರು. ನಾಲ್ವರ ಸರಾಸರಿ 54 ಬಂತು. ಆ ಸ್ಥಿತಿಯಲ್ಲಿ ಅವರು ನಡೆಯುತ್ತಿದ್ದರು, ಕೆಲಸ ಮಾಡುತ್ತಿದ್ದರು. ಅದು ಒಂದು ದಿನದಲ್ಲಿ ಆಗುವ ಕೆಲಸವಲ್ಲ. ಏರುವುದು, ಇಳಿದು ಮಲಗುವುದು, ಮತ್ತೆ ಏರುವುದು, ಹೀಗೆ ಒಂದೂವರೆ ಎರಡು ತಿಂಗಳು ಮಾಡಿದ ಮೇಲೆ ಮೈಯಲ್ಲಿ ಕೆಂಪು ರಕ್ತಕಣ ಹೆಚ್ಚುತ್ತದೆ. ಅಷ್ಟು ಮಾಡಿದರೂ 8,000 ಮೀಟರ್ ದಾಟಿದ ಮೇಲೆ ಮೈ ಒಗ್ಗುವುದಿಲ್ಲ, ಗಂಟೆ ಗಂಟೆಗೂ ಸೋಲುತ್ತಾ ಹೋಗುತ್ತದೆ. ಮಿದುಳಿಗೆ, ಶ್ವಾಸಕೋಶಕ್ಕೆ ನೀರು ತುಂಬಬಹುದು. ಅದಕ್ಕೇ ಹೆಚ್ಚಿನವರು ಆಕ್ಸಿಜನ್ ಸಿಲಿಂಡರ್ ಹೊತ್ತುಕೊಂಡೇ ಹೋಗುತ್ತಾರೆ. ಸಿಲಿಂಡರ್ ಇಲ್ಲದೆ ಮೊದಲು ತುದಿ ಮುಟ್ಟಿದ್ದು ಮೆಸ್ನರ್ ಮತ್ತು ಹ್ಯಾಬೆಲರ್, 1978ರಲ್ಲಿ.

ಅವ್ವನಿಗೆ ಇದೆಲ್ಲಾ ಹೇಳಿದೆ. ಅವಳಿಗೆ ನಾಟಿದ್ದು ಅನ್ನದ ಮಾತು. ಮೇಲೆ ಹೋದ ಹಾಗೆ ನೀರು ಬೇಗ ಕುದಿಯುತ್ತದೆ, ಆದರೆ ಬಿಸಿ ಕಡಿಮೆ. ಬೇಸ್ ಕ್ಯಾಂಪಿನಲ್ಲಿ 82, 83 ಡಿಗ್ರಿಗೇ ಕುದಿಯುತ್ತದೆ, ತುದಿಯಲ್ಲಿ ಸುಮಾರು 70ಕ್ಕೆ. ಎಷ್ಟು ಹೊತ್ತು ಇಟ್ಟರೂ ಅಕ್ಕಿ ನೆಟ್ಟಗೆ ಬೇಯುವುದಿಲ್ಲ. ಕೊನೆಯ ಊರು ಗೋರಕ್‌ಶೆಪ್‌ನ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಲೇ ಇತ್ತು, ಅದಿಲ್ಲದಿದ್ದರೆ ಅನ್ನವೇ ಇಲ್ಲ. ಭತ್ತದ ಊರಿನವಳು ನಮ್ಮವ್ವ. ಸೋನಾ ಮಸೂರಿ ಬೇಯದ ಜಾಗ ಅಂದ ಕೂಡಲೇ ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ, "ಹಂಗಾದ್ರ ಅಲ್ಲಿ ಮನಷ್ಯಾರು ಇರಾಕ ಆಗಂಗಿಲ್ಲ ಬಿಡು" ಅಂದಳು.

ಇನ್ನು ದಾರಿ. ನಾನು ವರ್ಷಕ್ಕೆ ಎರಡು ಮೂರು ಸಲ ಮಕ್ಕಳನ್ನು ಕರೆದುಕೊಂಡು ಆನೆಗೊಂದಿ, ಸಾಣಾಪುರದ ಬಂಡೆಗಳಿಗೆ ಹೋಗುತ್ತೇನೆ. ನಮ್ಮ ಬಂಡೆ ನಂಬಿಕಸ್ಥ. ಹೋದ ವರ್ಷ ಕೈ ಇಟ್ಟ ಜಾಗದಲ್ಲೇ ಈ ವರ್ಷವೂ ಕೈ ಇಡಬಹುದು. ಬೇಸ್ ಕ್ಯಾಂಪ್ ದಾಟಿದ ಕೂಡಲೇ ಸಿಗುವ ಖುಂಬು ಐಸ್‌ಫಾಲ್ ಹಾಗಲ್ಲ. ಅದು ಹರಿಯುವ ಮಂಜುಗಡ್ಡೆ, ದಿನಕ್ಕೆ ಸುಮಾರು ಒಂದು ಮೀಟರ್ ಕೆಳಗೆ ಜರುಗುತ್ತದೆ. ಮನೆಯಷ್ಟು ದೊಡ್ಡ ಗಡ್ಡೆಗಳು ಯಾವಾಗ ಬೇಕಾದರೂ ಉರುಳುತ್ತವೆ. ನಡುವೆ ತಳ ಕಾಣದ ಬಿರುಕು. ಅದರ ಮೇಲೆ ಅಲ್ಯೂಮಿನಿಯಂ ಏಣಿ ಅಡ್ಡ ಹಾಕಿ, ಹಗ್ಗ ಕಟ್ಟಿ, ಪ್ರತಿ ವರ್ಷ ಹೊಸದಾಗಿ ದಾರಿ ಮಾಡಬೇಕು. ಮಾಡುವವರು ಶೆರ್ಪಾಗಳು. ಹಣ ಕೊಟ್ಟು ಬಂದವರು ಕೆಲವೇ ಸಲ ಏರಿ ಇಳಿಯುವ ದಾರಿಯಲ್ಲಿ ಅವರು ಸಾಮಾನು ಹೊತ್ತು ಹತ್ತಾರು ಸಲ ಓಡಾಡುತ್ತಾರೆ. 2014ರ ಏಪ್ರಿಲ್ 18ರ ಬೆಳಿಗ್ಗೆ ಅಲ್ಲಿ ಮಂಜು ಕುಸಿದು 16 ಜನ ಸತ್ತರು. ಹದಿನಾರೂ ಜನ ನೇಪಾಳದ ಕೆಲಸಗಾರರು.

ಬೇಸ್ ಕ್ಯಾಂಪಿಗೆ ಎರಡು ದಿನ ಮುಂಚೆ ತುಕ್ಲಾ ಕಣಿವೆ ಸಿಗುತ್ತದೆ. ಅಲ್ಲಿ ಎವರೆಸ್ಟ್‌ನಲ್ಲಿ ಸತ್ತವರ ನೆನಪಿಗೆ ಕಲ್ಲು ಪೇರಿಸಿದ್ದಾರೆ. ಒಂದೆರಡು ಇರಬಹುದು ಅಂದುಕೊಂಡಿದ್ದೆ. ಇಡೀ ದಿಬ್ಬದ ತುಂಬ ಇವೆ. ಕೆಲವಕ್ಕೆ ಹೆಸರು ಕೆತ್ತಿದ್ದಾರೆ, ಕೆಲವಕ್ಕೆ ಬರೀ ಬಣ್ಣದ ಬಾವುಟ. ನಮ್ಮ ಶೆರ್ಪಾ ಅಣ್ಣ ಒಂದು ಕಲ್ಲಿನ ಮುಂದೆ ಟೋಪಿ ತೆಗೆದು ನಿಂತರು. ಯಾರು ಅಂತ ನಾನು ಕೇಳಲಿಲ್ಲ. "ಮೇಲೆ ಯಾಕೆ ಹೋಗಲಿಲ್ಲ" ಅಂತ ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಆ ದಿಬ್ಬ.

ಹಣದ ಮಾತು ಬೇಗ ಮುಗಿಸುತ್ತೇನೆ. ಮೇ ತಿಂಗಳಲ್ಲಿ ಹತ್ತಲು ನೇಪಾಳ ಸರ್ಕಾರಕ್ಕೆ ಕಟ್ಟುವ ಶುಲ್ಕವೇ 11,000 ಡಾಲರ್ ಇತ್ತು, 2025ರ ಸೆಪ್ಟೆಂಬರ್‌ನಿಂದ 15,000 ಆಗಿದೆ. ಉಳಿದ ಖರ್ಚು ಬೇರೆ. ಆದರೆ "ದುಡ್ಡಿದ್ದರೆ ಯಾರು ಬೇಕಾದರೂ ಹತ್ತಬಹುದು" ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ನಮ್ಮ ಪಕ್ಕದ ತೆಲಂಗಾಣದ ಮಾಲಾವತ್ ಪೂರ್ಣಾ ಬಡ ಕುಟುಂಬದ ಹುಡುಗಿ, ಸರ್ಕಾರಿ ವಸತಿ ಶಾಲೆಯಲ್ಲಿ ಓದಿದವಳು. 2014ರ ಮೇ 25ರಂದು ತುದಿ ಮುಟ್ಟಿದಾಗ ಅವಳಿಗೆ 13 ವರ್ಷ 11 ತಿಂಗಳು. ಅವಳು ಹಗ್ಗ ಹಿಡಿಯಲು ಕಲಿತದ್ದು ಭುವನಗಿರಿಯ ಬಂಡೆಯ ಮೇಲೆ. ನಮ್ಮ ಬಳ್ಳಾರಿ ಗುಡ್ಡದ ಹಾಗೆಯೇ ಅದೂ ಒಂದೇ ಕಲ್ಲಿನ ಬೆಟ್ಟ. ಆಮೇಲೆ ಡಾರ್ಜಿಲಿಂಗ್, ಲಡಾಖ್ ಅಂತ ಚಳಿಯಲ್ಲಿ ತಿಂಗಳುಗಟ್ಟಲೆ ಕಲಿತಳು. ಹನ್ನೆರಡು ದಿನದ ರಜೆ ಹಾಕಿ ಹೋದ ನನಗೂ ಅವಳಿಗೂ ಇರುವ ದೂರ ಅಷ್ಟು.

ಕಾಯುವುದರ ಮಾತು ಬಂದರೆ ತೇನ್‌ಸಿಂಗ್ ಕಥೆ ಹೇಳದೆ ಇರಲಾರೆ. ನಾವು ಶಾಲೆಯಲ್ಲಿ "1953ರ ಮೇ 29, ಹಿಲರಿ ಮತ್ತು ತೇನ್‌ಸಿಂಗ್" ಅಂತ ಬಾಯಿಪಾಠ ಮಾಡಿದ್ದೇವೆ. ತೇನ್‌ಸಿಂಗ್ ಮೊದಲ ಸಲ ಎವರೆಸ್ಟಿಗೆ ಹೋದದ್ದು 1935ರಲ್ಲಿ, ಕೂಲಿಯಾಗಿ. 1953ರದು ಅವರ ಏಳನೇ ಯಾತ್ರೆ. 1952ರಲ್ಲಿ ಸ್ವಿಸ್ ತಂಡದ ಲ್ಯಾಂಬರ್ಟ್ ಜೊತೆ ಸುಮಾರು 8,600 ಮೀಟರ್‌ವರೆಗೆ ಹೋಗಿ ವಾಪಸ್ ಬಂದಿದ್ದರು. ಹದಿನೆಂಟು ವರ್ಷ! ಕೊನೆಯ ದಿನ ಬೆಳಿಗ್ಗೆ ಹಿಲರಿಯ ಬೂಟು ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಸ್ಟೌ ಮೇಲೆ ಹಿಡಿದು ಎರಡು ಗಂಟೆ ಕಾಯಿಸಿ ಹಾಕಿಕೊಂಡು ಹೊರಟರು. ಹನ್ನೊಂದೂವರೆಗೆ ತುದಿ. ತೇನ್‌ಸಿಂಗ್ ಮಂಜಿನಲ್ಲಿ ಗುಂಡಿ ತೋಡಿ ಬಿಸ್ಕತ್ತು, ಮಿಠಾಯಿ ನೈವೇದ್ಯ ಇಟ್ಟರು. ಅಲ್ಲಿ ಇದ್ದದ್ದು ಹದಿನೈದು ನಿಮಿಷ.

ಮಕ್ಕಳಿಗೆ ನಾನು ಜಾಸ್ತಿ ಹೇಳುವುದು ಇದಕ್ಕಿಂತ ಮೂರು ದಿನ ಮುಂಚಿನ ಕಥೆ. ಅದೇ ತಂಡದ ಚಾರ್ಲ್ಸ್ ಇವಾನ್ಸ್, ಟಾಮ್ ಬೋರ್ಡಿಲನ್ ಅನ್ನುವ ಇಬ್ಬರು ಮೇ 26ರಂದೇ ಹೊರಟಿದ್ದರು. ದಕ್ಷಿಣ ಶಿಖರದ ತನಕ ಹೋದರು. ಅಷ್ಟು ಎತ್ತರಕ್ಕೆ ಅಲ್ಲಿಯವರೆಗೆ ಹೋಗಿ ಬಂದು ಹೇಳಿದವರು ಯಾರೂ ಇರಲಿಲ್ಲ. ತುದಿ ಕಣ್ಣೆದುರಿಗೇ ಇತ್ತು, ಸುಮಾರು 100 ಮೀಟರ್ ಮೇಲೆ. ನಮ್ಮ ಅಂಜನಾದ್ರಿಯ 575 ಮೆಟ್ಟಿಲು, ಒಂದೊಂದು ಆರೂವರೆ ಇಂಚು ಅಂತ ಹಿಡಿದರೆ, ಹೆಚ್ಚುಕಡಿಮೆ ಅಷ್ಟೇ ಎತ್ತರ. ಇವಾನ್ಸ್‌ನ ಆಕ್ಸಿಜನ್ ಯಂತ್ರ ಕೈಕೊಟ್ಟಿತ್ತು. ಮಧ್ಯಾಹ್ನ ಒಂದು ಗಂಟೆ ಆಗಿತ್ತು. ಹೋದರೆ ವಾಪಸ್ ಬರುವುದಕ್ಕೆ ಆಗುವುದಿಲ್ಲ ಅಂತ ಇಬ್ಬರೂ ಇಳಿದರು. 1924ರಲ್ಲಿ ಮ್ಯಾಲರಿ, ಇರ್ವಿನ್ ಮೇಲೆ ಹೋಗಿ ಬರದೇ ಇದ್ದದ್ದು ಅವರಿಗೆ ಗೊತ್ತಿತ್ತು. 1996ರ ಮೇ 10ರಂದು ಮಧ್ಯಾಹ್ನ ಎರಡು ಗಂಟೆಗೆ ತಿರುಗಬೇಕಾದ ಎಷ್ಟೋ ಜನ ತಿರುಗಲಿಲ್ಲ. ಸಂಜೆ ಬಿರುಗಾಳಿ ಎದ್ದಿತು, ಎಂಟು ಜನ ಉಳಿಯಲಿಲ್ಲ.

ಹೋದ ಜನವರಿಯಲ್ಲಿ ಸಾಣಾಪುರದ ಬಂಡೆ ಮೇಲೆ ಕೂತು ಇದನ್ನು ಹೇಳಿದಾಗ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಕೇಳಿದಳು: "ಅಕ್ಕೋರ, ಆಮ್ಯಾಲೆ ಅವರಿಬ್ರು ಮತ್ತ ಏರಿದ್ರೇನ್ರಿ?"

ಇಲ್ಲ, ಇಬ್ಬರೂ ಎವರೆಸ್ಟ್ ತುದಿ ಮುಟ್ಟಲೇ ಇಲ್ಲ ಅಂದೆ. ಬೋರ್ಡಿಲನ್ 1956ರಲ್ಲಿ ಆಲ್ಪ್ಸ್ ಬೆಟ್ಟದಲ್ಲಿ ಬಿದ್ದು ಸತ್ತರು. ಇವಾನ್ಸ್ 1955ರಲ್ಲಿ ಕಾಂಚನಜುಂಗಾಕ್ಕೆ ಒಂದು ತಂಡ ಕರೆದುಕೊಂಡು ಹೋದರು. 8,586 ಮೀಟರ್, ಜಗತ್ತಿನ ಮೂರನೇ ಎತ್ತರದ ಬೆಟ್ಟ, ಅಲ್ಲಿಯವರೆಗೆ ಯಾರೂ ಹತ್ತಿರಲಿಲ್ಲ. ಸಿಕ್ಕಿಂ ಜನಕ್ಕೆ ಅದು ದೇವರು. ತುದಿಗೆ ಕಾಲು ಇಡುವುದಿಲ್ಲ ಅಂತ ಇವಾನ್ಸ್ ಸಿಕ್ಕಿಂ ದೊರೆಗೆ ಮಾತು ಕೊಟ್ಟಿದ್ದರು. ಮೇ 25ರಂದು ಅವರ ತಂಡದ ಇಬ್ಬರು ಮೇಲೆ ಹೋದರು, ತುದಿ ಕೆಲವೇ ಅಡಿ ಇದೆ ಅನ್ನುವಾಗ ನಿಂತರು, ತಿರುಗಿ ಇಳಿದರು.

ಹುಡುಗಿ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಗರ್ಭಗುಡಿಯಾಗ ನಾವು ಹೋಗಂಗಿಲ್ಲಲ್ರೀ ಅಕ್ಕೋರ, ಹಂಗೇನ್ರಿ?"

ಹೌದು, ಹಾಗೇ ಅಂದೆ.